ಅಂದು ಬೆಳಗ್ಗೆ ಏನು ಗೊತ್ತಿತ್ತು? ಹಳೆಯ ಮುನ್ಸೂಚನೆಗಳನ್ನು ತೆಗೆದು ನೋಡಿದ ನನ್ನ ಅನುಭವ

ಹ್ಯೂಸ್ಟನ್ನಿನಲ್ಲಿ ಚರಂಡಿ, ರಾಜಕಾಲುವೆ ಕಾಮಗಾರಿಗಳ ನೀರಿನ ಲೆಕ್ಕ ನೋಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ದಿನ, ಕಾಲುವೆಯೊಂದರ ದಡ ಕಟ್ಟುತ್ತಿದ್ದ ಜಾಗದ ಮೇಲೆ ಸಂಜೆ ನಾಲ್ಕರ ಹೊತ್ತಿಗೆ ಗುಡುಗು ಮಳೆ ಸುರಿಯಿತು. ನೀರು ತಡೆಯಲು ಹಾಕಿದ್ದ ಮಣ್ಣಿನ ಒಡ್ಡು ಕೊಚ್ಚಿಹೋಯಿತು. ಕೆಲಸದವರೆಲ್ಲ ಆಗಲೇ ಮೇಲೆ ಹತ್ತಿದ್ದರು, ಅಷ್ಟು ಪುಣ್ಯ. ಪಂಪುಗಳು ಮಾತ್ರ ನೀರಿನಡಿ ಹೋದವು. ಇಂಥ ಮಳೆ ಬರುವುದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಗುತ್ತಿಗೆದಾರರು ಹೇಳಿದರು. ಅದು ನಿಜವೇ ಎಂದು ನೋಡಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಇದಕ್ಕೆ ನಾನು ಹಿಡಿದದ್ದು ಎಚ್‌ಆರ್‌ಆರ್‌ಆರ್ ಎಂಬ ಮಾದರಿಯನ್ನು, ಅಂದರೆ ಮುಂದೆ ಹವೆ ಹೇಗಿರುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು. ಅಮೆರಿಕದ ಹವಾಮಾನ ಸೇವೆ 2014ರಿಂದ ಇದನ್ನು ಗಂಟೆಗೊಮ್ಮೆ ಓಡಿಸುತ್ತದೆ. 3 ಕಿಲೋಮೀಟರ್ ಅಂತರದ ಬಿಂದುಗಳು, ಅಡ್ಡಕ್ಕೆ 1799, ಉದ್ದಕ್ಕೆ 1059. ಪ್ರತಿ ಓಟದಲ್ಲೂ ಮೊದಲು ಆ ಗಳಿಗೆಯ ವಿಶ್ಲೇಷಣೆ ಬರುತ್ತದೆ, ಅಂದರೆ ರೇಡಾರ್, ವಿಮಾನ, ನೆಲದ ಕೇಂದ್ರಗಳ ಅಳತೆಗಳನ್ನು ಬೆರೆಸಿ ಕಟ್ಟಿದ ವಾತಾವರಣದ ಚಿತ್ರ. ಅದರಿಂದ ಮುಂದಕ್ಕೆ 18 ಗಂಟೆಗಳ ಮುನ್ಸೂಚನೆ, ದಿನಕ್ಕೆ ನಾಲ್ಕು ಓಟಗಳಲ್ಲಿ 48 ಗಂಟೆಗಳವರೆಗೂ. ಹಳೆಯ ಓಟಗಳು ಅಮೆಜಾನ್, ಗೂಗಲ್ ಸರ್ವರ್‌ಗಳಲ್ಲಿವೆ. ಲಾಗಿನ್ ಬೇಡ, ದುಡ್ಡು ಬೇಡ.

ಮೊದಲ ದಿನ ನಾನು ತೆಗೆದದ್ದು ಮಳೆ ಬಂದ ಗಂಟೆಯದೇ ವಿಶ್ಲೇಷಣೆ. ಕಾಲುವೆಯ ನೆತ್ತಿಯ ಮೇಲೇ ಮೋಡ ದಟ್ಟವಾಗಿ ಕಂಡಿತು. ಮಾದರಿಗೆ ಎಲ್ಲ ಗೊತ್ತಿತ್ತು ಎಂದು ಬರೆಯಲು ಕೈ ಹೋಗಿತ್ತು. ಆದರೆ ಆ ಮೋಡವನ್ನು ರೇಡಾರ್ ನೋಡಿ ಹೇಳಿದ ಮೇಲೆ ತಾನೇ ಅದು ವಿಶ್ಲೇಷಣೆಗೆ ಬಂದದ್ದು? ನಡೆದದ್ದನ್ನು ತಿಳಿಯಲು ವಿಶ್ಲೇಷಣೆ ಬೇಕು. ನಡೆಯುವ ಮೊದಲು ಏನು ಗೊತ್ತಿತ್ತು ಎಂದು ತಿಳಿಯಬೇಕಾದರೆ ಅಂದು ಬೆಳಗ್ಗೆ ಹೊರಬಿದ್ದ ಮುನ್ಸೂಚನೆಗಳನ್ನೇ ನೋಡಬೇಕು. ಇವೆರಡನ್ನು ಬೆರೆಸಿದರೆ ಗುತ್ತಿಗೆದಾರರಿಗೆ ಅನ್ಯಾಯವಾಗುತ್ತದೆ. ಹೀಗೆ ಬೆರೆಸಿದ ವರದಿಗಳನ್ನು ಆಮೇಲೆ ಕಂಡಾಗಲೆಲ್ಲ ನನಗೆ ಸಂಕಟವಾಗಿದೆ.

ಪೂರ್ತಿ ಫೈಲ್ ಇಳಿಸುವ ಅಗತ್ಯವಿಲ್ಲ. ಮಾದರಿಯ ಅಂಕಿಗಳಿರುವುದು ಗ್ರಿಬ್ ಎಂಬ ಬಗೆಯ ಫೈಲುಗಳಲ್ಲಿ, ಅಂಥ ಪ್ರತಿ ಫೈಲಿನ ಪಕ್ಕದಲ್ಲಿ ಒಂದು ಪುಟ್ಟ ಸೂಚಿ ಫೈಲ್ ಇರುತ್ತದೆ. ಅದರ ಒಂದೊಂದು ಸಾಲಿನಲ್ಲೂ ಕ್ರಮಸಂಖ್ಯೆ, ಎಷ್ಟನೇ ಬೈಟಿನಿಂದ ಶುರು, ಓಟದ ದಿನಾಂಕ, ಯಾವ ಅಂಶ, ಯಾವ ಎತ್ತರ, ಯಾವ ಗಂಟೆ ಎಂಬುದು ಕೋಲನ್ ಹಾಕಿ ಬರೆದಿರುತ್ತದೆ. ಮಳೆಯ ಸಾಲು ಹುಡುಕಿ ಅಷ್ಟೇ ಬೈಟುಗಳನ್ನು ತರಿಸಿಕೊಂಡರೆ ಆಯಿತು. ಪೈಥಾನ್ ಬಲ್ಲವರಿಗೆ ಹರ್ಬಿ ಎಂಬ ಪ್ಯಾಕೇಜ್ ಈ ಕೆಲಸ ಮಾಡಿಕೊಡುತ್ತದೆ.

ಎಡವಿದ್ದೂ ಇಲ್ಲೇ. ಆರನೇ ಗಂಟೆಯ ಫೈಲಿನಲ್ಲಿ ಮಳೆಯ ಸಾಲು ಎರಡಿರುತ್ತವೆ: ಒಂದು ಓಟದ ಶುರುವಿನಿಂದ ಆರನೇ ಗಂಟೆಯವರೆಗಿನ ಒಟ್ಟು ಮಳೆ, ಇನ್ನೊಂದು ಐದರಿಂದ ಆರನೇ ಗಂಟೆಯ ನಡುವಿನ ಮಳೆ. ನನ್ನ ಪ್ರೋಗ್ರಾಂ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಗಂಟೆಗಂಟೆಗೂ ಕೂಡುತ್ತಾ ಹೋಯಿತು. ಮೊದಲ ಗಂಟೆಯಲ್ಲಿ 10 ಮಿಲಿಮೀಟರ್ ಬಂದು ಆಮೇಲೆ ಬಿಸಿಲು ಬಿದ್ದಿದ್ದರೂ ಆರು ಗಂಟೆಗೆ 60 ಎಂದು ತೋರಿಸುವ ಲೆಕ್ಕ ಅದು. ಒಂದು ಜಾಗದಲ್ಲಿ ಮಳೆ ನಿಲ್ಲದೆ, ಏರದೆ, ಇಳಿಯದೆ ಒಂದೇ ಸಮ ಬರುತ್ತಿರುವುದನ್ನು ಕಂಡಾಗ ಅನುಮಾನ ಬಂತು. ಎರಡು ದಿನದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆ.

ಮಾದರಿಯ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಹ್ಯೂಸ್ಟನ್ನಿನ ಬೇಸಿಗೆಯ ಸಂಜೆ ನಾಲ್ಕು ಎಂದರೆ ಅಲ್ಲಿ 21. ಚಳಿಗಾಲವಾದರೆ 22. ರೇಖಾಂಶವನ್ನು 0ಯಿಂದ 360ರ ಲೆಕ್ಕದಲ್ಲಿ ಬರೆದಿರುತ್ತಾರೆ, ಪಶ್ಚಿಮ 95.4 ಎಂಬುದು ಅಲ್ಲಿ 264.6.

ಇವಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 16 ಯುಟಿಸಿ ಓಟ 16 ಗಂಟೆಗೇ ಯಾರ ಕೈಗೂ ಸಿಗುವುದಿಲ್ಲ. ಅಳತೆ ಸೇರಿಸಿ, ಓಡಿಸಿ, ಫೈಲ್ ಹೊರಬರಲು ಒಂದು ಗಂಟೆಯ ಆಸುಪಾಸು ಬೇಕು, ಕೊನೆಯ ಗಂಟೆಗಳದು ಇನ್ನೂ ತಡ. ಹಾಗಾಗಿ ಮೇಸ್ತ್ರಿ ಬೆಳಗ್ಗೆ ಆರಕ್ಕೆ, ಅಂದರೆ 11 ಯುಟಿಸಿಗೆ, ತೀರ್ಮಾನ ಮಾಡುವುದಾದರೆ ಅವರ ಕೈಯಲ್ಲಿ ಇರಬಹುದಾದ ಕೊನೆಯ ಓಟ 9ರದು ಎಂದಿಟ್ಟುಕೊಂಡೆ. ಹಗಲು ಹನ್ನೊಂದಕ್ಕೆ ಇನ್ನೊಮ್ಮೆ ನೋಡುವುದಾದರೆ 14ರದು.

ಆಮೇಲೆ ಒಂದೇ ಸಂಜೆಯ ಬಗ್ಗೆ ಬೇರೆ ಬೇರೆ ಓಟಗಳು ಏನು ಹೇಳಿದ್ದವು ಎಂದು ಸಾಲಾಗಿ ಇಟ್ಟು ನೋಡಿದೆ. ಕಾಲುವೆಯ ಮೇಲಿನ ಒಂದೇ ಬಿಂದುವನ್ನು ನೋಡಲಿಲ್ಲ, ಸುತ್ತ 25 ಕಿಲೋಮೀಟರ್ ಚೌಕ ಹಿಡಿದೆ. ಗುಡುಗು ಮಳೆಯನ್ನು ಮಾದರಿ ಸರಿಯಾಗಿಯೇ ಹುಟ್ಟಿಸಿ ಪಕ್ಕದ ಊರಿನ ಮೇಲೆ ಸುರಿಸಿಬಿಡುವುದು ಮಾಮೂಲು. 4ರಿಂದ 9ರವರೆಗಿನ ಆರು ಓಟಗಳಲ್ಲಿ ಒಂದು ಮಾತ್ರ ಚೌಕದೊಳಗೆ ಮಳೆ ತಂದಿತ್ತು. 12, 13, 14 ಮೂರೂ ತಂದಿದ್ದವು. ಒಂದು ಉತ್ತರಕ್ಕೆ ಸರಿಸಿತ್ತು, ಒಂದು ಒಂದು ಗಂಟೆ ತಡ ಮಾಡಿತ್ತು. ಕಡಲ ಗಾಳಿ ಒಳನಾಡಿಗೆ ಬರುವ ಗೆರೆಯ ಮೇಲೆ ಮೋಡ ಏಳುತ್ತದೆ ಎಂಬುದರಲ್ಲಿ ಮೂರಕ್ಕೂ ಭೇದವಿರಲಿಲ್ಲ.

ಗುತ್ತಿಗೆದಾರರ ಮತ್ತೊಂದು ಬೇಡಿಕೆ, ಹತ್ತು ಜೂನ್ ತಿಂಗಳುಗಳನ್ನು ಹೀಗೇ ಹೋಲಿಸಿಕೊಡಿ ಎಂಬುದು. ಒಪ್ಪಲಿಲ್ಲ. ಈ ಮಾದರಿಯನ್ನು 2016, 2018, 2020ರಲ್ಲಿ ಬದಲಿಸಿದ್ದಾರೆ. ವ್ಯತ್ಯಾಸ ಕಂಡರೆ ಅದು ಮಳೆಯದೋ ಮಾದರಿಯದೋ ಎಂದು ಹೇಳಲಾಗುವುದಿಲ್ಲ. ಅಂಥ ಲೆಕ್ಕಕ್ಕೆ ಬೇಕಾದದ್ದು ಮರುವಿಶ್ಲೇಷಣೆ: ಒಂದೇ ಮಾದರಿಯನ್ನು ಹಳೆಯ ವರ್ಷಗಳಿಗೆಲ್ಲ ಓಡಿಸಿದ್ದು. ನಮ್ಮ ದೇಶಕ್ಕೆ ನೋಯ್ಡಾದ ಎನ್‌ಸಿಎಂಆರ್‌ಡಬ್ಲ್ಯುಎಫ್ ಎಂಬ ಹವಾಮಾನ ಮುನ್ಸೂಚನಾ ಸಂಸ್ಥೆ ಮಾಡಿದ ಐಎಂಡಿಎಎ ಎಂಬ ಮರುವಿಶ್ಲೇಷಣೆ ಇದೆ, 1979ರಿಂದ, ಗಂಟೆಗೊಂದು, 12 ಕಿಲೋಮೀಟರ್ ಚೌಕ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅಪ್ಪಯ್ಯ ದಿನಾ ಬೆಳಗ್ಗೆ 8:30ಕ್ಕೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಇಂಚು ಬರೆದಿಡುತ್ತಾರೆ. "ನಿನ್ನ ಕಂಪ್ಯೂಟರು ಎಷ್ಟು ಇಂಚು ಅಂತದೆ ಮಾರಾಯಾ?" ಎಂದು ಕೇಳಿದ್ದರು. ಅವರ 8:30 ಎಂದರೆ 3 ಯುಟಿಸಿ, ಹಾಗಾಗಿ 3ರಿಂದ ಮರುದಿನದ 3ರವರೆಗೆ ಕೂಡಿದರೆ ಮಾತ್ರ ಹೋಲಿಕೆ ಸರಿ. ಆದರೂ ಆಗುಂಬೆಗೂ ನಮಗೂ ನಡುವೆ ಅದರಲ್ಲಿ ಇರುವುದು ಎರಡು ಮೂರು ಚೌಕ, ಘಟ್ಟದ ಮಳೆ ಅಷ್ಟರೊಳಗೆ ಎಷ್ಟೋ ಕಡಿಮೆಯಾಗಿರುತ್ತದೆ. ಅಪ್ಪಯ್ಯನ ಪುಸ್ತಕವನ್ನೇ ನಾನು ನಂಬುವುದು.

ವರದಿಯಲ್ಲಿ ಬರೆದದ್ದು ಇಷ್ಟು: ಬೆಳಗ್ಗೆ ಆರಕ್ಕೆ ಕೆಲಸ ಶುರು ಮಾಡಿದ್ದು ತಪ್ಪಲ್ಲ. ಹನ್ನೊಂದಕ್ಕೆ ಮತ್ತೆ ನೋಡಿದ್ದರೆ ಸುತ್ತಮುತ್ತ ಎಲ್ಲೋ ಮಳೆ ಖಚಿತ ಎನ್ನುವಷ್ಟು ತಿಳಿಯುತ್ತಿತ್ತು, ಈ ಕಾಲುವೆಯ ಮೇಲೆಯೇ ಎಂದು ತಿಳಿಯುತ್ತಿರಲಿಲ್ಲ. ಪಂಪು ಮೇಲೆತ್ತಲು ಅಷ್ಟು ಸಾಕಿತ್ತು. ಈಗ ಆ ಗುತ್ತಿಗೆದಾರರ ಎಲ್ಲ ಜಾಗಗಳಲ್ಲೂ ಹನ್ನೊಂದು ಗಂಟೆಗೆ ಒಬ್ಬರು ಹಿಂದಿನ ಮೂರು ಓಟಗಳನ್ನು ತೆಗೆದು ನೋಡುತ್ತಾರೆ. ಮೂರರಲ್ಲಿ ಎರಡು ಮಳೆ ಎಂದರೆ ಪಂಪುಗಳು ದಡ ಸೇರುತ್ತವೆ.