ಸ್ಟೇಕ್: ಹಿಂದಿನ ರಾತ್ರಿಯೇ ಶುರು

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ಬೀಫ್‌ಗೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಅಂತ ಸರ್ಕಾರದ ದರ್ಜೆಗಳಿವೆ. ಸ್ಟೇಕ್ ಅಂದರೆ ದಪ್ಪಗೆ ಕತ್ತರಿಸಿ ಹುರಿದ ಮಾಂಸದ ತುಂಡು. ಅದಕ್ಕೆ ನಾನು ತರುವುದು ಚಾಯ್ಸ್ ದರ್ಜೆಯ ರಿಬ್‌ಐ (ಪಕ್ಕೆಲುಬಿನ ಕಡೆಯ ಮಾಂಸ). ದರ್ಜೆಗಿಂತ ನನಗೆ ದಪ್ಪ ಮುಖ್ಯ. ಒಂದೂವರೆ ಇಂಚಾದರೂ ಇರಬೇಕು. ತೆಳ್ಳಗಿದ್ದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಜಾಸ್ತಿ ಬೆಂದುಬಿಡುತ್ತದೆ.

ಹಿಂದಿನ ರಾತ್ರಿಯೇ ದಪ್ಪ ಹರಳಿನ ಉಪ್ಪನ್ನು ಎಲ್ಲ ಕಡೆ ಸವರಿ, ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್‌ಗೆ ಸೇರಿಸುತ್ತೇನೆ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಅದೇ ನೀರಲ್ಲಿ ಕರಗಿ ನಿಧಾನವಾಗಿ ಒಳಗಿಳಿಯುತ್ತದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಮೇಲ್ಭಾಗ ಒಣಗಿರುತ್ತದೆ. ನನ್ನ ಪ್ರಕಾರ ಸ್ಟೇಕ್‌ನ ರುಚಿ ನಿಂತಿರುವುದೇ ಇದರ ಮೇಲೆ. ಮೇಲೆ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಆ ಕಂದು ಬಣ್ಣ, ಆ ಘಮ ಚೆನ್ನಾಗಿ ಬರಲು ಸುಮಾರು 140 ಆದರೂ ಬೇಕು. ಒದ್ದೆ ಮಾಂಸ ಬಾಣಲೆಯಲ್ಲಿ ಸುಮ್ನೆ ಬೇಯುತ್ತದೆ, ಅಷ್ಟೇ.

ಮೊದಲು ಓವನ್, ಆಮೇಲೆ ಬಾಣಲೆ. ಮೊದಲೇ ಬಾಣಲೆಗೆ ಹಾಕಿದರೆ ರಸ ಒಳಗೇ ಉಳಿಯುತ್ತದೆ ಅನ್ನುತ್ತಾರಲ್ವಾ, ಅದು ನಿಜವಲ್ಲ. ಹುರಿದ ಪದರದಿಂದಲೂ ರಸ ಹೊರಗೆ ಬರುತ್ತದೆ. ಓವನ್ ಅನ್ನು 120 ಡಿಗ್ರಿಯಲ್ಲಿಟ್ಟು, ಮಾಂಸದ ನಡುಭಾಗ 48 ಮುಟ್ಟಿದ ಕೂಡಲೇ ಹೊರಗೆ ತೆಗೆಯುತ್ತೇನೆ. ಕಡಿಮೆ ಉರಿಯಾದ್ದರಿಂದ ಅಂಚಿನಿಂದ ನಡುವಿನ ತನಕ ಒಂದೇ ಹದ ಸಿಗುತ್ತದೆ. ಇಲ್ಲಿ ಗಡಿಯಾರ ನಂಬಬೇಡಿ. ಕಡ್ಡಿ ಚುಚ್ಚುವ ಥರ್ಮಾಮೀಟರ್ ಕೊಂಡುಕೊಳ್ಳಿ. ದುಬಾರಿ ಮಾಂಸಕ್ಕೆ ಹಾಕುವ ದುಡ್ಡಿನ ಮುಂದೆ ಅದು ದೊಡ್ಡದಲ್ಲ.

ಅಷ್ಟರಲ್ಲಿ ದಪ್ಪ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು. ಕಿಟಕಿ ತೆರೆದಿಡಿ. ಸ್ವಲ್ಪ ಎಣ್ಣೆ ಬಿಟ್ಟು, ಒಂದೊಂದು ಬದಿಗೆ ಸುಮಾರು ಒಂದು ನಿಮಿಷ. ಕೊಬ್ಬಿನ ಅಂಚನ್ನೂ ನಿಲ್ಲಿಸಿ ಹುರಿಯುತ್ತೇನೆ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಕೊನೆಗೆ. ಮೊದಲೇ ಹಾಕಿದರೆ ಸೀಯುತ್ತವೆ.

ಬಾಣಲೆಯಿಂದ ಇಳಿಸಿದ ಮೇಲೆ ನಡುಭಾಗ 55 ಡಿಗ್ರಿ ಇರುವ ಹದ ನನಗೆ ಇಷ್ಟ. ಇಲ್ಲಿನ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ ಕತ್ತರಿಸದೆ ಮೂರು ನಿಮಿಷ ಬಿಡಬೇಕು. ಮಕ್ಕಳಿಗೆ, ಹಿರಿಯರಿಗೆ ನಾನು ಅದನ್ನೇ ಪಾಲಿಸುತ್ತೇನೆ. ಊರಿಂದ ಬಂದವರು ತಟ್ಟೆಯಲ್ಲಿ ಕೆಂಪು ನೀರು ಕಂಡು ರಕ್ತ ಅಂದುಕೊಳ್ಳುತ್ತಾರೆ. ಅದು ನೀರು ಮತ್ತು ಮಯೋಗ್ಲೋಬಿನ್ ಎಂಬ ಪ್ರೋಟೀನ್.

ಕತ್ತರಿಸುವಾಗ ಎಳೆಗಳು ಯಾವ ಕಡೆ ಓಡಿವೆ ಅಂತ ನೋಡಿ, ಅವಕ್ಕೆ ಅಡ್ಡವಾಗಿ ಚಾಕು ಹಾಕುತ್ತೇನೆ. ಎಳೆ ತುಂಡಾದಷ್ಟೂ ಮೆದು. ಮೇಲೆ ಮಲೆನಾಡಿನ ಕಾಳುಮೆಣಸನ್ನು ಆಗಲೇ ಕುಟ್ಟಿ ಉದುರಿಸುತ್ತೇನೆ. ಬೇರೆ ಮಸಾಲೆ ಹಾಕುವುದಿಲ್ಲ.