ಎಂಜಿಬಿ ಕೊಳ್ಳುವಾಗ ನಾನು ಮೊದಲು ನೋಡಿದ್ದು ಸಿಲ್

ಇಂಗ್ಲೆಂಡಿನ ಕವೆಂಟ್ರಿಗೆ ಬಂದ ಮೇಲೆ ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎರಡು ಕೊಂಡಿದ್ದೇನೆ. ಮೊದಲನೆಯದು ಹಸಿರು ಬಣ್ಣದ್ದು. ವ್ಯಾಪಾರಿಯೊಬ್ಬರ ಶೋರೂಮಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ‘ಪೂರ್ತಿ ರಿಸ್ಟೋರ್ ಆಗಿದೆ’ ಎಂದರು, ನಂಬಿದೆ. ಎರಡನೇ ಚಳಿಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ಕೆದಕಿದರೆ ಹೊಸ ತಗಡು. ಅದರ ಹಿಂದೆ ತುಕ್ಕು ತಿಂದು ಪುಡಿಯಾದ ಹಳೇ ತಗಡು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಈ ತಗಡಿನ ಭಾಗವೇ ಸಿಲ್. ಕೊಳೆತ ಸಿಲ್ ಕತ್ತರಿಸಿ ತೆಗೆಯದೆ, ಮೇಲೊಂದು ಮುಚ್ಚಿ ಬೆಸೆದಿದ್ದರು. ಆ ಕಾರನ್ನು ಅರ್ಧ ದುಡ್ಡಿಗೆ ಮಾರಬೇಕಾಯಿತು. ಆ ನೋವು ಇನ್ನೂ ಇದೆ.

ಎಂಜಿಬಿಗೆ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿಗೆ ಬಾಡಿಯೇ ಬೆನ್ನೆಲುಬು. ಮೇಲೆ ಚಾವಣಿಯಿಲ್ಲದ ರೋಡ್‌ಸ್ಟರ್‌ನಲ್ಲಂತೂ ಹಿಂದು-ಮುಂದನ್ನು ಹಿಡಿದಿಡುವ ಭಾರವೆಲ್ಲ ಹೆಚ್ಚಾಗಿ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ. ಹೊರಗೊಂದು ತಗಡು, ನಡುವೆ ನೆಟ್ಟಗೆ ನಿಂತ ಇನ್ನೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಮಡಿಸಿದ ತಗಡು. ಈ ಸಿಲ್ ಮುಂದಿನ ಮಡ್‌ಗಾರ್ಡ್‌ನ ಒಳಕ್ಕೂ ಹೋಗುತ್ತದೆ. ಸರಿಯಾಗಿ ಬದಲಿಸಬೇಕೆಂದರೆ ಮಡ್‌ಗಾರ್ಡ್ ಬಿಚ್ಚಬೇಕು, ಇಲ್ಲವೇ ಅದರ ಬುಡ ಕತ್ತರಿಸಬೇಕು. ಅದಕ್ಕೆ ದಿನಗಟ್ಟಲೆ ಕೂಲಿ. ಮೇಲೆ ಮುಚ್ಚಿ ಬಣ್ಣ ಹೊಡೆಯಲು ಒಂದು ಮಧ್ಯಾಹ್ನ ಸಾಕು.

ಎರಡನೆಯದು 1967ರ ಮಾರ್ಕ್ 1, ಅಂದರೆ ಎಂಜಿಬಿಯ ಮೊದಲ ಆವೃತ್ತಿ, ಕೆಂಪು. ಆಕ್ಸ್‌ಫರ್ಡ್‌ಷೈರ್‌ನ ಹಳ್ಳಿಯೊಂದರ ನಿವೃತ್ತರದ್ದು. 18,500 ಪೌಂಡ್ ಹೇಳಿದರು. ರಿಸ್ಟೋರ್ ಮಾಡಿಸಿದ ಬಿಲ್ಲುಗಳ ದಪ್ಪ ಫೈಲು ಮುಂದಿಟ್ಟರು, ಒಟ್ಟು 31,000 ಪೌಂಡ್. ಅವರ ಪ್ರೀತಿಗೆ ಗೌರವವಿತ್ತು, ಆದರೆ ಆ ಮೊತ್ತವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಚಾವಣಿಯಿರುವ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ತಯಾರಾಗಿವೆ. ಬಿಡಿಭಾಗಗಳಿಗೆ ಬರವಿಲ್ಲ, 1988ರಿಂದ ಪೂರ್ತಿ ಹೊಸ ಬಾಡಿಯೇ ಸಿಗುತ್ತಿದೆ. ಅಪರೂಪವಲ್ಲದ ಕಾರಿಗೆ ಸುರಿದ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ನಾನು ನೋಡಿದ್ದು ಹಿಂದಿನ ಒಂದು ವರ್ಷದ ಹರಾಜುಗಳಲ್ಲಿ ಅದೇ ಮಾದರಿ, ಅದೇ ಸ್ಥಿತಿಯ ಕಾರುಗಳು ನಿಜಕ್ಕೂ ಎಷ್ಟಕ್ಕೆ ಹೋದವು ಎಂಬುದನ್ನು. ಜಾಹೀರಾತಿನ ಬೆಲೆ ಮಾರುವವರ ಆಸೆ ಅಷ್ಟೇ.

ಫೈಲಿನಲ್ಲಿ ನಾನು ಹುಡುಕಿದ್ದು ಫೋಟೋಗಳನ್ನು. ಒಂದರಲ್ಲಿ ಮಡ್‌ಗಾರ್ಡ್ ಬಿಚ್ಚಿ ಹಳೇ ಸಿಲ್ ಪೂರ್ತಿ ತೆಗೆದಿದ್ದರು, ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಪಟ್ಟಿ ಬೆಸೆದಿದ್ದರು. ಆ ಆಧಾರ ಕೊಡದೆ ಸಿಲ್ ಕತ್ತರಿಸಿದರೆ ಬಾಡಿ ನಡುವಲ್ಲಿ ಜಗ್ಗುತ್ತದೆ, ಹಾಗೇ ಬೆಸೆದುಬಿಟ್ಟರೆ ಬಾಗಿಲು ಮತ್ತೆಂದೂ ಸರಿ ಕೂರುವುದಿಲ್ಲ. ಈ ಒಂದು ಫೋಟೋ ನೋಡಿದ ಮೇಲೇ ನಾನು ಕೋಟು ಬಿಚ್ಚಿ ಕಾರಿನಡಿ ಮಲಗಿದ್ದು.

ಅಪ್ಪ ದಾವಣಗೆರೆಯಲ್ಲಿ ಟಿಂಕರ್ ಕೆಲಸ ಮಾಡುತ್ತಿದ್ದರು. ಬೆರಳ ಗೆಣ್ಣಿನಿಂದ ಬಡಿದು ‘ಇಲ್ಲಿ ಪುಟ್ಟಿ ಐತಿ ನೋಡು’ ಎನ್ನುತ್ತಿದ್ದರು. ತಗಡು ಠಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ. ಬಣ್ಣದ ದಪ್ಪ ಅಳೆಯುವ ಮೀಟರ್ ನನ್ನ ಕೈಯಲ್ಲಿತ್ತು, ಆದರೂ ಎಡಗಡೆ ಹಿಂದಿನ ಚಕ್ರದ ಕಮಾನಿನ ಬುಡವನ್ನು ಮೊದಲು ಹಿಡಿದಿದ್ದು ಗೆಣ್ಣೇ. ಮೀಟರ್ ಇಟ್ಟರೆ ಉಳಿದ ಕಡೆಗಿಂತ ಮೂರು ಪಟ್ಟು.

ಆಮೇಲೆ ಸಿಲ್ ಬಳಿಯ ಜಾಕ್ ಪಾಯಿಂಟ್‌ಗೆ ಜಾಕ್ ಕೊಟ್ಟು, ಚಕ್ರ ನೆಲ ಬಿಡುವಾಗ ಬಾಗಿಲ ಸಂದನ್ನೇ ನೋಡುತ್ತಾ ಕೂತೆ. ಕೊಳೆತ ಕಾರಾದರೆ ಸಂದು ಕಿರಿದಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಇದರಲ್ಲಿ ಕೂದಲೆಳೆಯಷ್ಟೂ ಕದಲಲಿಲ್ಲ. ಬಾಗಿಲು ತೆಗೆದು ಹಾಕಿದೆ, ಟಕ್ ಅಂತ ಕೂತಿತು. ಹಸಿರು ಕಾರಿಗೂ ಇಷ್ಟು ಮಾಡಿದ್ದರೆ!

ಬಣ್ಣದ ವಿಷಯ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ಹಳೇ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ಅದರ ಪ್ರಕಾರ ಕಾರು ಹೊರಬಂದಾಗ ಓಲ್ಡ್ ಇಂಗ್ಲಿಷ್ ವೈಟ್. ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಬಿಟ್ಟರೆ ಬಿಳಿ ಇನ್ನೂ ಇತ್ತು. ನನಗೆ ಕೆಂಪೇ ಇಷ್ಟ. ಆದರೆ ಮುಂದೆ ನನ್ನಿಂದ ಕೊಳ್ಳುವವರು ಮೂಲ ಬಣ್ಣ ಕೇಳಬಹುದು, ಆದ್ದರಿಂದ ನಾನು ಕೊಡಬಹುದಾದ ಬೆಲೆಯಲ್ಲಿ ಅದಕ್ಕೂ ಒಂದಿಷ್ಟು ಕಳೆದೆ.

ಓಡಿಸಿ ನೋಡಿದೆ. ಮಾರ್ಕ್ 1ರ ಒಂದನೇ ಗೇರಿಗೆ ಸಿಂಕ್ರೋ, ಅಂದರೆ ಗೇರು ಸಲೀಸಾಗಿ ಕೂರಿಸುವ ಭಾಗ, ಇಲ್ಲ. ಪೂರ್ತಿ ನಿಲ್ಲಿಸದೆ ಹಾಕಿದರೆ ಕರಕರ ಅನ್ನುತ್ತದೆ, ಅದು ದೋಷವಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ರಸ್ತೆಯಲ್ಲಿ ಆಯಿಲ್ ಪ್ರೆಶರ್ 50 ಪಿಎಸ್‌ಐ ದಾಟಿಯೇ ಇತ್ತು, ಒಳ್ಳೆಯ ಲಕ್ಷಣ. ವೇಗದಲ್ಲಿ ಹೋಗುವಾಗ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು, ಓವರ್‌ಡ್ರೈವ್, ಮಾತ್ರ ಕೂರಲಿಲ್ಲ. ವೈರಿನ ತೊಂದರೆಯಾದರೆ ಸಣ್ಣ ಖರ್ಚು, ಒಳಗಿನದಾದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಇಳಿಸಬೇಕು. ದೊಡ್ಡದನ್ನೇ ಎಣಿಸಿದೆ. ರಿವರ್ಸ್‌ನಲ್ಲಿ ಬ್ರೇಕ್ ಹಾಕಿದಾಗ ಹಿಂದಿನಿಂದ ಟಣಕ್ ಎಂದಿತು: ಸ್ಪೋಕ್ ಚಕ್ರ ಕೂರುವ ಹಬ್‌ನ ಹಲ್ಲು ಸವೆದಿವೆ. ಟೈರುಗಳ ಗೀರು ಹೊಸದರಂತಿತ್ತು, ಆದರೆ ಪಕ್ಕದ ಅಂಕಿ 2309. ಅಂದರೆ 2009ರ 23ನೇ ವಾರ. ನಾಲ್ಕೂ ಹೋಗಬೇಕು.

ಇವನ್ನೆಲ್ಲ ಹಾಳೆಯಲ್ಲಿ ಬರೆದು ಅವರ ಮುಂದಿಟ್ಟೆ. ಹಿರಿಯರು ನಿಧಾನವಾಗಿ ಓದಿದರು, ಬಣ್ಣದ ಸಾಲಿಗೆ ಮಾತ್ರ ಒಪ್ಪಲಿಲ್ಲ. ‘ಕೆಂಪು ನನ್ನ ಹೆಂಡತಿ ಆರಿಸಿದ್ದು’ ಎಂದರು. ಆ ಸಾಲನ್ನು ಹೊಡೆದುಹಾಕಿದೆ. 15,400ಕ್ಕೆ ಕುದುರಿತು.

ಓವರ್‌ಡ್ರೈವ್ ದೋಷ ಕಡೆಗೂ ತುಂಡಾದ ಒಂದು ವೈರಿನದ್ದಾಗಿತ್ತು. ಹಬ್‌ಗಳು ಎಣಿಸಿದಷ್ಟೇ ತಿಂದವು. ವಿಮೆ ಮಾಡಿಸುವಾಗ ಒಪ್ಪಿತ ಮೌಲ್ಯದ ಪಾಲಿಸಿ ತೆಗೆದುಕೊಂಡೆ. ಕಾರು ಹೋದರೆ ಮಾರುಕಟ್ಟೆ ಬೆಲೆಯ ವಾದವಿಲ್ಲದೆ ಮೊದಲೇ ಒಪ್ಪಿದ ಮೊತ್ತ ಸಿಗುತ್ತದೆ. ವಿಮೆಯವರಿಗೂ ಆ ಸಿಲ್ ಫೋಟೋವನ್ನೇ ಮೊದಲು ಕಳಿಸಿದೆ. ಹೋದ ತಿಂಗಳು ಹಿಂದಿನ ಕಮಾನಿನ ಪುಟ್ಟಿ ಕೆರೆದೆ. ಹೊಸ ತಗಡು ಬೆಸೆಯುವ ಮುಂಚೆ, ತೂತು ಚೆನ್ನಾಗಿ ಕಾಣುವಂತೆ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಒಂದು ಫೋಟೋ ತೆಗೆದು ಅದೇ ಫೈಲಿಗೆ ಸೇರಿಸಿದ್ದೇನೆ.