ಆರ್ಚ್ ಲಿನಕ್ಸ್ ಹಾಕುವುದು ಹೇಗೆ? ಖಾಲಿ ಡಿಸ್ಕಿನಿಂದ ಕನ್ನಡ ಟೈಪಿಂಗ್‌ವರೆಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಇರುವುದು ಕೈಟ್ ಎಂಬ ಸರ್ಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸಿದ ಗ್ನು/ಲಿನಕ್ಸ್. ಜಿಂಪ್‌ನಲ್ಲಿ ಚಿತ್ರ ತಿದ್ದಿದ್ದು, ಜಿಯೋಜೆಬ್ರಾದಲ್ಲಿ ತ್ರಿಕೋನ ಎಳೆದದ್ದು ಎಲ್ಲ ಅದರಲ್ಲೇ. ಆದರೆ ಅಲ್ಲಿ ಎಲ್ಲವನ್ನೂ ಬೇರೆ ಯಾರೋ ಜೋಡಿಸಿ ಕೊಟ್ಟಿದ್ದರು. ನಾವು ಮೌಸ್ ಹಿಡಿದು ಕೂತರೆ ಸಾಕಿತ್ತು.

ಆರ್ಚ್ ಕೂಡ ಒಂದು ಬಗೆಯ ಲಿನಕ್ಸ್, ಆದರೆ ಇದರಲ್ಲಿ ಆ ಜೋಡಿಸುವ ಕೆಲಸವೇ ನಮ್ಮದು. ಕೆನಡಾದ ಜಡ್ ವಿನೆಟ್ 2002ರಲ್ಲಿ ಇದನ್ನು ಹೊರತಂದರು. ಇನ್‌ಸ್ಟಾಲ್ ಮುಗಿದಾಗ ಸಿಗುವುದು ಕಪ್ಪು ಪರದೆ ಮತ್ತು ಮಿನುಗುವ ಕರ್ಸರ್, ಅಷ್ಟೇ. ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್, ಯಾವುದೂ ಇರುವುದಿಲ್ಲ. ಬೇಕಾದ್ದನ್ನು ಒಂದೊಂದಾಗಿ ಸೇರಿಸುತ್ತಾ ಹೋಗಬೇಕು. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ತಾವೇ ಎಳೆದವರಿಗೆ ಯಾವ ವಾಲ್ವ್ ತಿರುಗಿಸಿದರೆ ಯಾವ ಸಾಲಿಗೆ ನೀರು ಅಂತ ಗೊತ್ತಿರುತ್ತದೆ. ಪೈಪು ಒಡೆದರೆ ಎಲ್ಲಿ ಅಗೆಯಬೇಕು ಅಂತಲೂ ಗೊತ್ತಿರುತ್ತದೆ. ನಾನು ಆರ್ಚ್ ಹಿಡಿದುಕೊಂಡದ್ದು ಇದೇ ಕಾರಣಕ್ಕೆ.

ಉಬುಂಟು, ಡೆಬಿಯನ್‌ನಂಥ ಬೇರೆ ಲಿನಕ್ಸ್ ಒಂದೆರಡು ವರ್ಷ ಬಳಸಿ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅಂದರೆ ಹೆದರಿಕೆ ಇಲ್ಲದವರಿಗೆ ಈ ಲೇಖನ. ಮೊದಲ ಸಲ ಲಿನಕ್ಸ್ ನೋಡುವವರು ದಯವಿಟ್ಟು ಇದರಿಂದ ಶುರು ಮಾಡಬೇಡಿ.

ಶುರು ಮಾಡುವ ಮೊದಲು

ಮನೆಯಲ್ಲಿ ಮೂಲೆ ಸೇರಿದ ಹಳೇ ಲ್ಯಾಪ್‌ಟಾಪ್ ಇದ್ದರೆ ಅದೇ ಒಳ್ಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅಂಥವು ಜಾಸ್ತಿಯಾಗಿವೆ, ಅಲ್ವಾ? ಆದರೆ ಪ್ರೊಸೆಸರ್ 64 ಬಿಟ್‌ನದ್ದೇ ಆಗಿರಬೇಕು. 32 ಬಿಟ್ ಯಂತ್ರಗಳನ್ನು ಆರ್ಚ್ 2017ರಲ್ಲೇ ಕೈಬಿಟ್ಟಿದೆ. ಡಿಸ್ಕಿನಲ್ಲಿರುವ ಫೋಟೋ, ಕಾಗದಪತ್ರ ಎಲ್ಲ ಬೇರೆ ಕಡೆ ತೆಗೆದಿಡಿ. ಡಿಸ್ಕ್ ಪೂರ್ತಿ ಅಳಿಸುತ್ತೇವೆ ಅಂತ ಲೆಕ್ಕ ಹಾಕಿಯೇ ಕೂರಬೇಕು.

ಆರ್ಚ್‌ನ ಜಾಲತಾಣದಿಂದ ಐಎಸ್‌ಒ ಫೈಲ್, ಅಂದರೆ ಇನ್‌ಸ್ಟಾಲ್ ಮಾಡಲು ಬೂಟ್ ಮಾಡುವ ಫೈಲ್, ಇಳಿಸಿಕೊಳ್ಳಿ. ಪ್ರತಿ ತಿಂಗಳು ಹೊಸದು ಬರುತ್ತದೆ. ಇಳಿದ ಫೈಲ್ ಸರಿ ಇದೆಯಾ ಅಂತ ಚೆಕ್‌ಸಮ್ ತಾಳೆ ನೋಡಿ. ಆಮೇಲೆ ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಲ್ಯಾಪ್‌ಟಾಪಿನ ಬಯೋಸ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಇಲ್ಲದಿದ್ದರೆ ಆರ್ಚ್‌ನ ಪೆನ್‌ಡ್ರೈವ್ ಬೂಟ್ ಆಗುವುದಿಲ್ಲ.

ಕಮಾಂಡ್‌ಗಳ ಹೆಸರು, ಅವು ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ಅಕ್ಷರಕ್ಷರ ಟೈಪ್ ಮಾಡಬೇಕಾದ ರೂಪ ಆರ್ಚ್ ವಿಕಿಯ ಇನ್‌ಸ್ಟಾಲೇಷನ್ ಗೈಡ್ ಪುಟದಲ್ಲಿದೆ. ಅದನ್ನು ಫೋನಿನಲ್ಲಿ ತೆರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಬೇರೆ ಲಿನಕ್ಸ್ ಬಳಸುವವರೂ ಏನಾದರೂ ಕೆಟ್ಟಾಗ ಆ ವಿಕಿಯನ್ನೇ ನೋಡುತ್ತಾರೆ. ಅಷ್ಟು ಚೆನ್ನಾಗಿದೆ.

ಇಂಟರ್ನೆಟ್, ಡಿಸ್ಕ್

ಪೆನ್‌ಡ್ರೈವಿನಿಂದ ಬೂಟ್ ಆದ ಮೇಲೆ ಮೊದಲ ಕೆಲಸ ಇಂಟರ್ನೆಟ್. ಪ್ಯಾಕೇಜ್‌ಗಳೆಲ್ಲ ನೆಟ್ಟಿನಿಂದಲೇ ಇಳಿಯುತ್ತವೆ. ವೈಫೈ ಇದ್ದರೆ ಐಡಬ್ಲ್ಯೂಸಿಟಿಎಲ್ ಎಂಬ ಕಮಾಂಡ್. ನಮ್ಮ ಒಳಭಾಗದ ತೋಟದ ಮನೆಗಳಲ್ಲಿ ಇನ್ನೊಂದು ಸುಲಭದ ದಾರಿ ಇದೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೇನೂ ಮಾಡದೆ ನೆಟ್ ಬರುತ್ತದೆ. ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಇಡಿ. ಪಿಂಗ್ ಕೊಟ್ಟು ನೋಡಿ, ಉತ್ತರ ಬಂದರೆ ಮುಂದಕ್ಕೆ.

ಈಗ ಡಿಸ್ಕ್. ಇಲ್ಲಿ ಅವಸರ ಬೇಡವೇ ಬೇಡ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟರೆ ಯಾವ ಡಿಸ್ಕ್ ಎಷ್ಟು ದೊಡ್ಡದು ಅಂತ ಪಟ್ಟಿ ಬರುತ್ತದೆ. ಪೆನ್‌ಡ್ರೈವೂ ಅದರಲ್ಲಿ ಇರುತ್ತದೆ. ಗಾತ್ರ ನೋಡಿ, ಸರಿಯಾದ್ದರ ಹೆಸರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಂತರ ಸಿಎಫ್‌ಡಿಸ್ಕ್ ತೆರೆದು ಮೂರು ಪಾಲು ಮಾಡಿ. 1 ಜಿಬಿ ಬೂಟ್‌ಗೆ, 4 ಜಿಬಿ ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಸುವ ಜಾಗ), ಉಳಿದದ್ದೆಲ್ಲ ರೂಟ್‌ಗೆ (ಸಿಸ್ಟಮ್ ಇರುವ ಮುಖ್ಯ ಪಾಲು). ಬೂಟ್‌ನ ಪಾಲನ್ನು ಫ್ಯಾಟ್ 32ಕ್ಕೆ, ರೂಟನ್ನು ಎಕ್ಸ್ಟ್ 4ಕ್ಕೆ ಫಾರ್ಮ್ಯಾಟ್ ಮಾಡಬೇಕು. ಇದು ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆ ಇರುವ ಯಂತ್ರದ ಲೆಕ್ಕ. ತುಂಬಾ ಹಳೆಯ ಯಂತ್ರವಾದರೆ ವಿಕಿಯಲ್ಲಿ ಹಳೇ ಬಗೆಯ ಬಯೋಸ್‌ನ ಭಾಗ ನೋಡಿ.

ಆಮೇಲೆ ಮೌಂಟ್, ಅಂದರೆ ಆ ಪಾಲುಗಳನ್ನು ಬಳಕೆಗೆ ಜೋಡಿಸುವುದು. ರೂಟ್ ಮೊದಲು, ಬೂಟ್ ನಂತರ. ಈ ಕ್ರಮ ತಪ್ಪಿದರೆ ಫೈಲ್‌ಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ಬೇರು ಇಳಿಸುವುದು

ಪ್ಯಾಕ್‌ಸ್ಟ್ರ್ಯಾಪ್ ಎಂಬ ಕಮಾಂಡ್ ಖಾಲಿ ಡಿಸ್ಕಿಗೆ ಆರ್ಚ್ ತುಂಬುತ್ತದೆ. ಬೇಸ್, ಲಿನಕ್ಸ್, ಲಿನಕ್ಸ್-ಫರ್ಮ್‌ವೇರ್, ಈ ಮೂರು ಬೇಕೇಬೇಕು. ಇಂಟೆಲ್ ಪ್ರೊಸೆಸರ್ ಆದರೆ ಇಂಟೆಲ್-ಯುಕೋಡ್, ಎಎಮ್‌ಡಿ ಆದರೆ ಅದರದ್ದು. ನ್ಯಾನೋ ಎಡಿಟರ್, ಸುಡೋ, ಗ್ರಬ್, ಇಎಫ್‌ಐಬೂಟ್‌ಎಂಜಿಆರ್ ಕೂಡ ಸೇರಿಸಿ. ನೆಟ್‌ವರ್ಕ್‌ಮ್ಯಾನೇಜರ್ ಮರೆಯಲೇಬೇಡಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ರೀಬೂಟ್ ಆದ ಮೇಲೆ ನೆಟ್ ಇಲ್ಲ, ನೆಟ್ ಇಲ್ಲದೆ ಅದನ್ನು ಹಾಕಿಕೊಳ್ಳಲೂ ಆಗುವುದಿಲ್ಲ. ಮತ್ತೆ ಪೆನ್‌ಡ್ರೈವ್ ಹಿಡಿಯಬೇಕಾಗುತ್ತದೆ.

ಜೆನ್‌ಎಫ್‌ಎಸ್‌ಟ್ಯಾಬ್ ಕೊಟ್ಟು ಪಾರ್ಟಿಷನ್‌ಗಳ ವಿವರ ಬರೆಸಿ. ಆಮೇಲೆ ಆರ್ಚ್-ಸಿಎಚ್‌ರೂಟ್ ಕಮಾಂಡ್. ಈಗ ನೀವು ಹೊಸ ಸಿಸ್ಟಮ್‌ನ ಒಳಗೆ ಇದ್ದೀರಿ. ಸಮಯದ ವಲಯ ಏಷ್ಯಾ/ಕೋಲ್ಕತಾ. ಲೊಕೇಲ್ ಫೈಲಿನಲ್ಲಿ ಅಮೆರಿಕನ್ ಇಂಗ್ಲಿಷ್ ಮತ್ತು ಕನ್ನಡದ ಸಾಲುಗಳ ಮುಂದಿನ ಹ್ಯಾಶ್ ಗುರುತು ತೆಗೆದು ಲೊಕೇಲ್-ಜೆನ್ ಓಡಿಸಿ. ಸದ್ಯಕ್ಕೆ ಸಿಸ್ಟಮ್ ಭಾಷೆ ಇಂಗ್ಲಿಷೇ ಇರಲಿ. ಕಪ್ಪು ಪರದೆಗೆ ಕನ್ನಡ ಅಕ್ಷರ ಬಿಡಿಸಲು ಬರುವುದಿಲ್ಲ. ಬೇಡದ ಚೌಕಗಳು ಕಂಡು ಗಾಬರಿಯಾಗುವುದು ಬೇಡ.

ಯಂತ್ರಕ್ಕೊಂದು ಹೆಸರು, ರೂಟ್ ಎಂಬ ಆಡಳಿತ ಖಾತೆಗೆ ಪಾಸ್‌ವರ್ಡ್, ನಿಮಗೊಂದು ಯೂಸರ್ ಖಾತೆ, ಆ ಖಾತೆಗೆ ಸುಡೋ (ಆಡಳಿತದ ಕೆಲಸ ಮಾಡುವ) ಅನುಮತಿ. ನೆಟ್‌ವರ್ಕ್‌ಮ್ಯಾನೇಜರನ್ನು ಸಿಸ್ಟಮ್‌ಸಿಟಿಎಲ್‌ನಿಂದ ಎನೇಬಲ್ ಮಾಡಿ. ಕೊನೆಗೆ ಸಿಸ್ಟಮ್ ಬೂಟ್ ಮಾಡಿಸುವ ಗ್ರಬ್. ಇದಕ್ಕೆ ಎರಡು ಹೆಜ್ಜೆ: ಗ್ರಬ್-ಇನ್‌ಸ್ಟಾಲ್, ನಂತರ ಗ್ರಬ್-ಎಂಕೆಕಾನ್ಫಿಗ್. ಎರಡನೆಯದನ್ನು ಬಿಟ್ಟರೆ ಬೂಟ್ ಆಗುವಾಗ ಬರೀ ಗ್ರಬ್ ಎಂಬ ಪದ ಕಾಣಿಸಿ ಅಲ್ಲೇ ನಿಲ್ಲುತ್ತದೆ.

2021ರಿಂದ ಐಎಸ್‌ಒ ಒಳಗೇ ಆರ್ಚ್‌ಇನ್‌ಸ್ಟಾಲ್ ಎಂಬ ಸಹಾಯಕ ಇದೆ. ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ ಇದನ್ನೆಲ್ಲ ಅದೇ ಮಾಡುತ್ತದೆ. ಎರಡನೇ ಸಲಕ್ಕೆ ಅದನ್ನು ಬಳಸಿ. ಮೊದಲ ಸಲ ಕೈಯಾರೆ ಮಾಡಿದರೇನೇ ಯಾವ ತುಂಡು ಎಲ್ಲಿದೆ ಅಂತ ತಿಳಿಯುವುದು.

ಡೆಸ್ಕ್‌ಟಾಪ್ ಮತ್ತು ಕನ್ನಡ

ರೀಬೂಟ್ ಮಾಡಿ ಲಾಗಿನ್ ಆದ ಮೇಲೆ ಡೆಸ್ಕ್‌ಟಾಪ್ ಹಾಕುವುದು. ಹಳೇ ಯಂತ್ರಕ್ಕೆ ನಾನು ಎಕ್ಸ್‌ಎಫ್‌ಸಿಇ ಹೇಳುತ್ತೇನೆ. ಹಗುರ, ಗಟ್ಟಿ. ಜೊತೆಗೆ ಎಕ್ಸ್‌ಆರ್ಗ್, ಲಾಗಿನ್ ಪರದೆಗೆ ಲೈಟ್‌ಡಿಎಮ್ ಮತ್ತು ಅದರ ಗ್ರೀಟರ್, ಬ್ರೌಸರಿಗೆ ಫೈರ್‌ಫಾಕ್ಸ್.

ಈ ಹಂತದಲ್ಲಿ ಕನ್ನಡದ ಸುದ್ದಿ ಪುಟ ತೆರೆದರೆ ಚೌಕಗಳು ಕಾಣಬಹುದು. ಕನ್ನಡ ಫಾಂಟ್ ನೀವು ಇನ್ನೂ ಹಾಕಿಲ್ಲ, ಅದಕ್ಕೆ. ನೋಟೋ-ಫಾಂಟ್ಸ್ ಹಾಕಿ, ಒತ್ತಕ್ಷರ ಸಮೇತ ಸರಿಯಾಗುತ್ತದೆ. ಟೈಪ್ ಮಾಡಲು ಎಫ್‌ಸಿಐಟಿಎಕ್ಸ್ 5, ಅದರ ಎಂ17ಎನ್ ಭಾಗ ಮತ್ತು ಕಾನ್ಫಿಗ್ ಟೂಲ್ ಹಾಕಿಕೊಳ್ಳಿ. ಅದರ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಇದೆ, ಕೆಜಿಪಿ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಈ ಕೆಜಿಪಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರ ಬೆರಳಿಗೆ ಕೂಡಲೇ ಒಗ್ಗುತ್ತದೆ. ಜಿಟಿಕೆ, ಕ್ಯೂಟಿ ಮತ್ತು ಎಕ್ಸ್ ಮಾಡಿಫೈಯರ್ಸ್‌ಗೆ ಸಂಬಂಧಪಟ್ಟ ಮೂರು ಸಾಲುಗಳನ್ನು ಎನ್ವಿರಾನ್‌ಮೆಂಟ್ ಫೈಲಿಗೆ ಸೇರಿಸಿ ಒಮ್ಮೆ ಲಾಗೌಟ್ ಆಗಿ ಬನ್ನಿ. ಅವಿಲ್ಲದೆ ಕೆಲವು ಆ್ಯಪ್‌ಗಳಲ್ಲಿ ಕನ್ನಡ ಮೂಡುವುದೇ ಇಲ್ಲ. ಮಲಯಾಳವೂ ಬೇಕಲ್ವಾ ನಮಗೆ? ಅದೇ ಪಟ್ಟಿಯಲ್ಲಿದೆ, ಪಕ್ಕದಲ್ಲೇ ಸೇರಿಸಿಕೊಳ್ಳಿ.

ಅಪ್‌ಡೇಟ್, ಮಿಂಚು, ಕರೆಂಟು

ಆರ್ಚ್‌ಗೆ ಆವೃತ್ತಿ ಅಂತ ಇಲ್ಲ. ಹೊಸದು ಬಂದ ಹಾಗೆ ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಆರ್ಚ್‌ನಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಕಮಾಂಡ್‌ನಿಂದ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡಿ. ಅರ್ಧಂಬರ್ಧ ಅಪ್‌ಡೇಟ್ ಮಾತ್ರ ಬೇಡ, ಒಂದಕ್ಕೊಂದು ಹೊಂದದೆ ಕೆಡುತ್ತದೆ. ಪ್ರತಿ ಅಪ್‌ಡೇಟ್‌ಗೆ ಮೊದಲು ಆರ್ಚ್‌ನ ಮುಖಪುಟದ ಸುದ್ದಿ ಓದಿ. 2025ರ ಜೂನ್‌ನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ತುಂಡು ಮಾಡಿದಾಗ, ಹಳೆಯದನ್ನು ಕೈಯಾರೆ ತೆಗೆದು ಮತ್ತೆ ಹಾಕಬೇಕಾಯಿತು. ಸುದ್ದಿ ಓದಿದವರಿಗೆ ಅದು ಎರಡು ನಿಮಿಷದ ಕೆಲಸ.

ಎಯುಆರ್ ಎಂಬ ಬಳಕೆದಾರರ ಭಂಡಾರದಲ್ಲಿ ಏನು ಹುಡುಕಿದರೂ ಸಿಗುತ್ತದೆ. ಅದು ಯಾರು ಬೇಕಾದರೂ ಏರಿಸಬಹುದಾದ ಜಾಗ. 2025ರ ಜುಲೈನಲ್ಲಿ ಅಲ್ಲಿ ಕೆಟ್ಟ ಪ್ರೋಗ್ರಾಮ್ ಅಡಗಿಸಿದ ಪ್ಯಾಕೇಜ್‌ಗಳು ಸಿಕ್ಕಿ, ಅವನ್ನು ತೆಗೆದುಹಾಕಿದರು. ಹಾಕುವ ಮೊದಲು ಪ್ಯಾಕೇಜನ್ನು ಹೇಗೆ ಕಟ್ಟಬೇಕು ಅಂತ ಹೇಳುವ ಪಿಕೆಜಿಬಿಲ್ಡ್ ಫೈಲ್ ತೆರೆದು ಓದಿ. ಅರ್ಥ ಆಗದಿದ್ದರೆ ಹಾಕಬೇಡಿ.

ಇನ್ನು ನಮ್ಮೂರಿನ ವಿಷಯ. ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಕರೆಂಟು ಹೋಗುವುದು ಗ್ಯಾರಂಟಿ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಅಪ್‌ಡೇಟ್ ನಡುವೆ ಕರೆಂಟು ಹೋಯಿತು. ಮತ್ತೆ ಆನ್ ಮಾಡಿದರೆ ಬೂಟ್ ಆಗಲೇ ಇಲ್ಲ. ಆ ರಾತ್ರಿ ಕೈಹಿಡಿದದ್ದು ಇನ್‌ಸ್ಟಾಲ್ ಮಾಡಿದ ಅದೇ ಪೆನ್‌ಡ್ರೈವ್. ಅದರಿಂದ ಬೂಟ್ ಮಾಡಿದೆ. ಫೋನಿನಿಂದ ನೆಟ್ ಕೊಟ್ಟೆ. ರೂಟ್ ಮೊದಲು, ಬೂಟ್ ನಂತರ ಮೌಂಟ್ ಮಾಡಿ ಆರ್ಚ್-ಸಿಎಚ್‌ರೂಟ್ ಮಾಡಿದೆ. ಪ್ಯಾಕ್‌ಮ್ಯಾನ್ ತನ್ನ ಹಳೇ ಲಾಕ್ ಫೈಲ್ ತೋರಿಸಿ ಮುಷ್ಕರ ಹೂಡಿತು. ಡಿಬಿ.ಎಲ್‌ಸಿಕೆ ಎಂಬ ಆ ಫೈಲನ್ನು ಅಳಿಸಿ, ಇಡೀ ಅಪ್‌ಡೇಟ್ ಮತ್ತೆ ಓಡಿಸಿ, ಲಿನಕ್ಸ್ ಪ್ಯಾಕೇಜನ್ನು ಇನ್ನೊಮ್ಮೆ ಹಾಕಿದೆ. ರೀಬೂಟ್ ಮಾಡಿದರೆ ಲಾಗಿನ್ ಪರದೆ ಬಂತು.

ಹಾಗಾಗಿ ಆಕಾಶ ಕಪ್ಪಾಗಿರುವಾಗ ಅಪ್‌ಡೇಟ್ ಮಾಡಬೇಡಿ. ಲ್ಯಾಪ್‌ಟಾಪಿನ ಬ್ಯಾಟರಿ ಸರಿ ಇರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಆ ಪೆನ್‌ಡ್ರೈವನ್ನು ಸಿನಿಮಾ ತುಂಬಲು ಫಾರ್ಮ್ಯಾಟ್ ಮಾಡದೆ, ಹೆಸರು ಬರೆದು ಅಂಟಿಸಿ ಮೇಜಿನ ಡ್ರಾವರಿನಲ್ಲಿ ಇಟ್ಟುಕೊಳ್ಳಿ.